ತುಳಸಿ ಕಾಂಡದೊಳಗಿನ ಬ್ಯಾಕ್ಟೀರಿಯಾ

ಪ್ರಶ್ನೆ: ಮೇಡಂ, ನಮ್ಮ ಮನೆ ತಾರಸಿ ಮೇಲೆ ಕುಂಡಗಳಲ್ಲಿ ತುಳಸಿ, ದೊಡ್ಡಪತ್ರೆ, ಅಮೃತಬಳ್ಳಿ ಬೆಳೆಸಿದ್ದೇನೆ. ಔಷಧಿ ಗಿಡದ ಒಳಗೇ ಬ್ಯಾಕ್ಟೀರಿಯಾ ಇರುತ್ತವೆ, ಔಷಧಿ ತಯಾರಿಸೋದೂ ಅವೇ ಅಂತ ಬಿ.ಎಸ್ಸಿ. ಓದುತ್ತಿರುವ ಮಗಳು ಹೇಳುತ್ತಾಳೆ. ನಿಜವಾ? ಹಾಗಿದ್ದರೆ ಎಲೆ ತೊಳೆದು ಕುದಿಸಿದಾಗ ಕಷಾಯದ ಗುಣ ಹೋಗಿಬಿಡುವುದಿಲ್ಲವೇ?
– ಒಬ್ಬ ಗೃಹಿಣಿ, ಗಿರಿನಗರ, ಬೆಂಗಳೂರು

ಉತ್ತರ: ಮಗಳ ಮೊದಲ ಮಾತು ಪೂರ್ತಿ ನಿಜ. ಎರಡನೆಯದು ಕೆಲವು ಗಿಡಗಳ ಮಟ್ಟಿಗೆ ಮಾತ್ರ.

ಕವಲು ಬೇರು ಒಡೆಯುವಾಗ ಸಣ್ಣ ಬಿರುಕು ಬೀಳುತ್ತದೆ. ಮಣ್ಣಿನ ಬ್ಯಾಕ್ಟೀರಿಯಾ ಅಲ್ಲಿಂದ ಒಳಗೆ ನುಸುಳುತ್ತವೆ. ಕೆಲವು ಬೀಜದ ಜೊತೆಗೇ ಬಂದಿರುತ್ತವೆ. ಜೀವಕೋಶಗಳ ಸಂದಿಯಲ್ಲಿ, ನೀರು ಹರಿಯುವ ನಾಳಗಳಲ್ಲಿ ಗಿಡಕ್ಕೆ ರೋಗ ತರದೆ ಇದ್ದುಬಿಡುತ್ತವೆ. ಎಂಡೋಫೈಟ್ ಅಂತ ಇವುಗಳ ಹೆಸರು.

ಕಾಲೇಜಿನಲ್ಲಿ ಪಾಠ ಮಾಡುವಾಗ ನಾನಿದನ್ನು ಲ್ಯಾಬ್‌ನಲ್ಲೇ ತೋರಿಸುತ್ತಿದ್ದೆ. ತುಳಸಿ ಕಾಂಡದ ತುಂಡನ್ನು ಮೊದಲು ಆಲ್ಕೋಹಾಲ್‌ನಲ್ಲಿ, ಆಮೇಲೆ ಬ್ಲೀಚ್ ದ್ರಾವಣದಲ್ಲಿ ಅದ್ದಬೇಕು. ಹೊರಮೈ ಮೇಲಿನ ಸೂಕ್ಷ್ಮಜೀವಿಗಳೆಲ್ಲ ಸಾಯುತ್ತವೆ. ಶುದ್ಧ ನೀರಿನಲ್ಲಿ ಹಲವು ಸಲ ತೊಳೆದು, ಎರಡೂ ತುದಿ ಕತ್ತರಿಸಿ, ಬ್ಯಾಕ್ಟೀರಿಯಾ ಬೆಳೆಸುವ ಅಗರ್ ತಟ್ಟೆಯಲ್ಲಿಡಬೇಕು. ಎರಡು ಮೂರು ದಿನದಲ್ಲಿ ಕತ್ತರಿಸಿದ ತುದಿಯ ಸುತ್ತ ಹಾಲಿನ ಕೆನೆಯಂಥ ಬಳೆ ಮೂಡುತ್ತದೆ. ಸಿಪ್ಪೆಯ ಪಕ್ಕ ಏನೂ ಇರುವುದಿಲ್ಲ. ಕೊನೆಯ ಸಲ ತೊಳೆದ ನೀರನ್ನೂ ಬೇರೊಂದು ತಟ್ಟೆಗೆ ಹಾಕಿರುತ್ತೇವೆ. ಅದು ಖಾಲಿಯಾಗೇ ಉಳಿದರೆ ಬೆಳೆದದ್ದೆಲ್ಲ ಒಳಗಿನದೇ ಅಂತ ಖಾತ್ರಿ. ಮಕ್ಕಳು ಆ ಖಾಲಿ ತಟ್ಟೆಯನ್ನು ನೋಡದೆ ಎಸೆದರೆ ನನಗೆ ಕೋಪ ಬರುತ್ತಿತ್ತು. ಇಡೀ ಪ್ರಯೋಗದ ಸಾಕ್ಷಿ ಅದೇ ಅಲ್ವಾ!

ಇನ್ನು ಔಷಧಿಯ ವಿಚಾರ. ಕ್ಯಾಂಪ್ಟೋಥೆಸಿನ್ ಎಂಬ ವಸ್ತುವನ್ನು 1966ರಲ್ಲಿ ಚೀನಾ ಮೂಲದ ಒಂದು ಮರದಿಂದ ಬೇರ್ಪಡಿಸಿದರು. ಅಂಡಾಶಯ, ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಕೊಡುವ ಟೋಪೋಟೆಕಾನ್, ಇರಿನೋಟೆಕಾನ್ ಬಂದದ್ದು ಇದರಿಂದಲೇ. ಪಶ್ಚಿಮ ಘಟ್ಟದ ಮಿಕ್ವೆಲಿಯಾ ಡೆಂಟಾಟಾ ಎಂಬ ಬಳ್ಳಿಯಲ್ಲೂ ಇದು ಸಿಗುತ್ತದೆ. ಆ ಬಳ್ಳಿಯೊಳಗಿನ ಬ್ಯಾಕ್ಟೀರಿಯಾ ತಾವೇ ಇದನ್ನು ತಯಾರಿಸುತ್ತವೆ ಅಂತ 2013ರಲ್ಲಿ ಪ್ರಕಟಿಸಿದವರು ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ (ಜಿಕೆವಿಕೆ) ಸಂಶೋಧಕರು. ಕಾಡಿನ ಮರ ಬಳ್ಳಿ ಕಡಿಯದೆ, ದೊಡ್ಡ ಪಾತ್ರೆಗಳಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ಔಷಧಿ ಪಡೆಯುವ ಆಸೆ ಹುಟ್ಟಿದ್ದು ಇಂಥ ಕೆಲಸದಿಂದಲೇ. ಆದರೆ ತೊಡಕು ದೊಡ್ಡದು. ಗಿಡದಿಂದ ಹೊರತೆಗೆದು ತಟ್ಟೆಯಿಂದ ತಟ್ಟೆಗೆ ಬದಲಿಸುತ್ತಾ ಹೋದಂತೆ ಅನೇಕ ಎಂಡೋಫೈಟ್‌ಗಳಲ್ಲಿ ಔಷಧಿ ತಯಾರಿಸುವ ಶಕ್ತಿ ಕುಗ್ಗುತ್ತದೆ. ಹಾಗಾಗಿ ಮಾತ್ರೆಗಿಂತ ಬೇಸಾಯದಲ್ಲೇ ಇವುಗಳ ಉಪಯೋಗ ಜಾಸ್ತಿ ಹತ್ತಿರದಲ್ಲಿದೆ ಅನ್ನುವುದು ನನ್ನ ಅಭಿಪ್ರಾಯ. ಬೇರು ಬೆಳೆಸುವ ಹಾರ್ಮೋನು ಕೊಡುತ್ತವೆ, ರಂಜಕವನ್ನು ಕರಗಿಸುತ್ತವೆ. ಕಬ್ಬಿಣದ ಅಂಶವನ್ನು ತಾವೇ ಹಿಡಿದುಕೊಂಡು, ಕೊಳೆರೋಗದ ಶಿಲೀಂಧ್ರಕ್ಕೆ ಸಿಗದಂತೆ ಮಾಡುತ್ತವೆ.

ನಿಮ್ಮ ಕಷಾಯದ ಬಗ್ಗೆ ಚಿಂತೆ ಬೇಡ. ಕುದಿಸಿದರೆ ಬಹುತೇಕ ಬ್ಯಾಕ್ಟೀರಿಯಾ ಸಾಯುತ್ತವೆ, ಸಾಯಲಿ. ತುಳಸಿಯ ಯೂಜಿನಾಲ್ ಎಂಬ ಘಾಟು ಎಣ್ಣೆಯನ್ನು ತಯಾರಿಸುವುದು ಗಿಡವೇ. ಅದು ಆವಿಯ ಜೊತೆ ಹಾರಿಹೋಗುತ್ತದೆ, ಮುಚ್ಚಳ ಮುಚ್ಚಿ ಕುದಿಸಿ. ತೊಳೆದರೆ ಒಳಗಿನವು ಹೋಗುವುದಿಲ್ಲ, ಆದರೂ ತೊಳೆಯುವುದನ್ನು ಬಿಡಬೇಡಿ. ಒಳಗಿರುವವೆಲ್ಲ ಒಳ್ಳೆಯವೇ ಅಂತಲೂ ಅಲ್ಲ. ಕೊಳಚೆ ನೀರಿನಲ್ಲಿ ಬೆಳೆದ ಸೊಪ್ಪಿನ ಒಳಗೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾವೂ ಸೇರಿಕೊಳ್ಳಬಹುದು. ಅಂಥ ಸೊಪ್ಪನ್ನು ಹಸಿಯಾಗಿ ತಿನ್ನಲೇಬೇಡಿ.

ಕುಂಡಗಳಿಗೆ ಗೊಬ್ಬರದ ಅಂಗಡಿಯಲ್ಲಿ ಸಿಗುವ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾದ ಪುಡಿಯನ್ನು ಎರೆಗೊಬ್ಬರಕ್ಕೆ ಬೆರೆಸಿ ಹಾಕಬಹುದು. ಬೀಜಕ್ಕಾದರೆ ಕಿಲೋಗೆ 10 ಗ್ರಾಂ. ಅದೇ ಸಮಯದಲ್ಲಿ ಶಿಲೀಂಧ್ರ ಕೊಲ್ಲುವ ಬೋರ್ಡೋ ದ್ರಾವಣ ಸುರಿಯಬೇಡಿ. ಅದರಲ್ಲಿರುವ ತಾಮ್ರ ಈ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ.