ಗ್ರಹಣದಲ್ಲಿ ಬರಿಗಣ್ಣಿಗೇ ಕಾಣುವ ಕರೋನಾ (ಸೂರ್ಯನ ಸುತ್ತಲಿನ ಹೊರ ವಾತಾವರಣ) ನೋಡೋಕೆ ಬಾಹ್ಯಾಕಾಶಕ್ಕೆ ಯಾಕೆ ಹೋಗಬೇಕು? ಸೂರ್ಯನಿಂದ ಸದಾ ಹರಿದುಬರುವ ಕಣಗಳ ಗಾಳಿ, ಅಂದರೆ ಕಣ್ಣಿಗೆ ಕಾಣದ ಸೌರ ಮಾರುತವನ್ನು ಅಳೆಯೋದು ಹೇಗೆ?

ನಾನು ವಿಜ್ಞಾನಿ ಅಲ್ಲ. ಸೂರ್ಯನನ್ನು ಗಮನಿಸುವ ಸೋಹೊ ನೌಕೆಯ ಚಿತ್ರಗಳನ್ನು ನೋಡುವ ಚಟ ಇದೆ, ಅಷ್ಟೇ. ಆ ಚಟದಿಂದ ತಿಳಿದಷ್ಟು ಹೇಳ್ತೀನಿ.

ಮೊದಲು ಕರೋನಾ. ಅದು ಸೂರ್ಯನ ಬಿಂಬಕ್ಕಿಂತ ಸುಮಾರು ಹತ್ತು ಲಕ್ಷ ಪಟ್ಟು ಮಂಕು. ಹಾಗಾಗಿ ಅದನ್ನು ನೋಡಬೇಕಾದರೆ ಸೂರ್ಯನನ್ನೇ ಮರೆಮಾಡಬೇಕು. ಖಗ್ರಾಸದಲ್ಲಿ ಚಂದ್ರ ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಾನೆ. ಆದರೆ ಎಷ್ಟು ಹೊತ್ತು? ಎಷ್ಟೇ ದೀರ್ಘ ಗ್ರಹಣವಾದರೂ ಏಳೂವರೆ ನಿಮಿಷ ದಾಟುವುದಿಲ್ಲ. ಕರೋನಾದಿಂದ ಸಿಡಿಯುವ ಅನಿಲದ ಮುದ್ದೆ ಗಂಟೆಗಟ್ಟಲೆ ಸಾಗುತ್ತಾ ಇರುತ್ತದೆ. ಏಳು ನಿಮಿಷದಲ್ಲಿ ಅದರ ಬಗ್ಗೆ ಏನು ತಿಳಿಯುತ್ತೆ?

ಗ್ರಹಣಕ್ಕೆ ಕಾಯದೆ ದುರ್ಬೀನಿನೊಳಗೇ ಒಂದು ಬಿಲ್ಲೆ ಇಟ್ಟು ಸೂರ್ಯನನ್ನು ಮುಚ್ಚಿದವರು ಫ್ರಾನ್ಸಿನ ಬರ್ನಾರ್ಡ್ ಲಿಯೊ. 1930ರ ದಶಕದ ಆರಂಭದಲ್ಲಿ, ಪಿರೆನೀಸ್ ಪರ್ವತದ ತುದಿಯಲ್ಲಿ. ಅಷ್ಟು ಎತ್ತರದಲ್ಲೂ ಅವರಿಗೆ ಕಂಡದ್ದು ಸೂರ್ಯನ ಅಂಚಿನ ಹತ್ತಿರದ ಕರೋನಾ ಮಾತ್ರ. ಅದರಾಚೆಗೆ ಹಗಲಿನ ಆಕಾಶವೇ ಕರೋನಾಕ್ಕಿಂತ ಜಾಸ್ತಿ ಹೊಳೆಯುತ್ತದೆ. ಮೇಲೆ ಹೋದರೆ ಆಕಾಶ ಕಪ್ಪು. ಬಾಹ್ಯಾಕಾಶಕ್ಕೆ ಹೋಗಲು ಮುಖ್ಯ ಕಾರಣ ಇದೇ. ಜೊತೆಗೆ, ಕರೋನಾ ಹತ್ತು ಲಕ್ಷ ಡಿಗ್ರಿಗೂ ಮೀರಿ ಬಿಸಿ ಇರುವುದರಿಂದ ಎಕ್ಸ್-ಕಿರಣ ಸೂಸುತ್ತದೆ. ಅದನ್ನು ನಮ್ಮ ವಾತಾವರಣ ನೆಲಕ್ಕೆ ಬಿಡುವುದೇ ಇಲ್ಲ.

ಆದರೂ ಮೇಲೆ ಹೋದ ಮಾತ್ರಕ್ಕೆ ಎಲ್ಲ ಸುಲಭ ಆಗಲ್ಲ. ಬಿಲ್ಲೆ ಅಡ್ಡ ಇಟ್ಟರೆ ಬೆಳಕು ಅದರ ಅಂಚಿನ ಸುತ್ತ ಬಾಗಿ ಒಳಗೆ ನುಸುಳುತ್ತದೆ. 1995ರಲ್ಲಿ ಹಾರಿದ ಸೋಹೊದಲ್ಲಿ ಲಾಸ್ಕೊ ಅನ್ನುವ ಉಪಕರಣ ಇದೆ. ಅದರ ಸಿ3 ಕ್ಯಾಮೆರಾದ ಚಿತ್ರ ತೆಗೆದು ನೋಡಿ. ನೀಲಿ ಹಿನ್ನೆಲೆ (ಬಣ್ಣ ಆಮೇಲೆ ಕೊಟ್ಟದ್ದು), ನಡುವೆ ದೊಡ್ಡ ಕಪ್ಪು ಬಿಲ್ಲೆ, ಬಿಲ್ಲೆಯೊಳಗೆ ಸಣ್ಣದೊಂದು ಬಿಳಿ ವೃತ್ತ. ನಿಜವಾದ ಸೂರ್ಯ ಆ ಬಿಳಿ ವೃತ್ತದಷ್ಟೇ! ನುಸುಳುವ ಬೆಳಕನ್ನು ತಡೆಯಲು ಅಷ್ಟು ಅಗಲ ಮುಚ್ಚಬೇಕಾಯಿತು. ಬಿಲ್ಲೆಯಿಂದ ಮೂಲೆಯ ಕಡೆ ಹೋಗುವ ಕಪ್ಪು ಪಟ್ಟಿ ಅದನ್ನು ಹಿಡಿದಿರುವ ತೋಳು. ಯಾವುದಾದರೂ ಗ್ರಹ ಬಂದರೆ ಎಡಬಲಕ್ಕೆ ಬಿಳಿ ಗೆರೆ ಎಳೆದಂತೆ ಕಾಣುತ್ತದೆ. ಅದು ಹಾರುವ ತಟ್ಟೆಯಲ್ಲ. ಬೆಳಕು ಹೆಚ್ಚಾಗಿ ಸಂವೇದಕದ ಸಾಲು ತುಂಬಿ ಹರಿದಿರುತ್ತದೆ. ಈ ಚಿತ್ರಗಳಲ್ಲಿ 5000ಕ್ಕೂ ಹೆಚ್ಚು ಧೂಮಕೇತು ಸಿಕ್ಕಿವೆ, ಬಹುಪಾಲು ನನ್ನಂಥ ಹವ್ಯಾಸಿಗಳಿಗೇ. (ನನಗೆ ಇನ್ನೂ ಒಂದೂ ಸಿಕ್ಕಿಲ್ಲ.)

ಅಂಚಿನ ಹತ್ತಿರದ ಕರೋನಾ ಬೇಕು ಅಂದರೆ ಬೇರೆ ಉಪಾಯ ಮಾಡಬೇಕು. ಭಾರತದ ಸೂರ್ಯ ನೌಕೆ ಆದಿತ್ಯ-ಎಲ್1ರ ವೆಲ್ಕ್ ಉಪಕರಣದ ಎರಡನೇ ಕನ್ನಡಿಯ ನಡುವೆ ತೂತು ಇದೆ. ಬಿಂಬದ ಬೆಳಕು ಆ ತೂತಿನಲ್ಲಿ ದಾಟಿ ಹೊರಹೋಗುತ್ತದೆ, ಕರೋನಾದ ಬೆಳಕಷ್ಟೇ ಮುಂದಕ್ಕೆ ಸಾಗುತ್ತದೆ. ನನಗೆ ಜಾಸ್ತಿ ಇಷ್ಟವಾದದ್ದು ಮಾತ್ರ 2024ರ ಡಿಸೆಂಬರ್‌ನಲ್ಲಿ ಪಿಎಸ್‌ಎಲ್‌ವಿ ಏರಿ ಹೋದ ಯುರೋಪಿನ ಪ್ರೋಬಾ-3. ಬಿಲ್ಲೆಯನ್ನು ಎಷ್ಟು ದೂರ ಇಟ್ಟರೆ ಅಷ್ಟು ಒಳ್ಳೆಯದು ಅಂತ ಅವರು ಎರಡು ನೌಕೆ ಕಳಿಸಿದರು. ಮುಂದಿನದರಲ್ಲಿ 1.4 ಮೀಟರ್ ಅಗಲದ ಬಿಲ್ಲೆ, 150 ಮೀಟರ್ ಹಿಂದೆ ಕ್ಯಾಮೆರಾ ಇರುವ ಇನ್ನೊಂದು ನೌಕೆ. ಅಲ್ಲಿ ಬೀಳುವ ನೆರಳು ಎಂಟು ಸೆಂಟಿಮೀಟರ್‌ನಷ್ಟು ಅಗಲ. ಕ್ಯಾಮೆರಾದ ಬಾಯಿ ಆ ನೆರಳಿನೊಳಗೇ ಇರಬೇಕು. ನೌಕೆಗಳು ಮಿಲಿಮೀಟರ್ ಲೆಕ್ಕದಲ್ಲಿ ಜಾಗ ಹಿಡಿದು ನಿಲ್ಲಬೇಕು. 2025ರಲ್ಲಿ ಅದರ ಮೊದಲ ಚಿತ್ರಗಳು ಬಂದವು.

ಇನ್ನು ಸೌರ ಮಾರುತ. ಭೂಮಿಯ ಹತ್ತಿರ ಅದು ಎಷ್ಟು ತೆಳು ಅಂದರೆ ಒಂದು ಘನ ಸೆಂಟಿಮೀಟರಿಗೆ ಐದೋ ಹತ್ತೋ ಕಣ. ಅದಕ್ಕೇ ಕಣಗಳನ್ನು ಹಿಡಿದೇ ಅಳೆಯಬೇಕು. ಹಳೆಯ, ನಂಬಿಕಸ್ತ ಸಾಧನ ಫ್ಯಾರಡೆ ಕಪ್. ಲೋಹದ ಬಟ್ಟಲು, ಬಾಯಿಗೆ ವಿದ್ಯುತ್ ಕೊಟ್ಟ ಜಾಲರಿ. ಸೆಕೆಂಡಿಗೆ 400 ಕಿಲೋಮೀಟರ್ ವೇಗದ ಪ್ರೋಟಾನನ್ನು ತಡೆಯಲು ಸುಮಾರು 835 ವೋಲ್ಟ್ ಬೇಕು. 800 ಕಿಲೋಮೀಟರ್ ವೇಗದ್ದಾದರೆ ಅದರ ನಾಲ್ಕು ಪಟ್ಟು. ವೋಲ್ಟೇಜನ್ನು ಏರಿಸುತ್ತಾ ಹೋಗಿ, ಬಟ್ಟಲಿನಿಂದ ಬರುವ ಕರೆಂಟು ಎಲ್ಲಿ ಬೀಳುತ್ತದೆ ಅಂತ ನೋಡಿದರೆ ವೇಗ ಗೊತ್ತಾಯಿತು. ಎಷ್ಟು ಬಿದ್ದಿತು ಅನ್ನುವುದರಿಂದ ಕಣಗಳ ಸಂಖ್ಯೆ. ಹೀಲಿಯಂ ಅದೇ ವೇಗದಲ್ಲಿ ಬಂದರೂ ಸರಿಯಾಗಿ ಎರಡು ಪಟ್ಟು ವೋಲ್ಟೇಜಿನಲ್ಲಿ ಸಿಕ್ಕಿಬೀಳುತ್ತದೆ. ನಾಲ್ಕು ಪಟ್ಟು ತೂಕ, ಎರಡು ಪಟ್ಟು ವಿದ್ಯುದಂಶ, ಅಲ್ವಾ?

ಸೂರ್ಯನ ಹತ್ತಿರಕ್ಕೇ ಹೋಗುವ ನಾಸಾದ ಪಾರ್ಕರ್ ನೌಕೆಯಲ್ಲೂ ಇಂಥದ್ದೇ ಬಟ್ಟಲು ಇದೆ. ಹೆಚ್ಚಿನ ಉಪಕರಣಗಳು ಬಿಸಿ ತಡೆಯುವ 11.4 ಸೆಂಟಿಮೀಟರ್ ದಪ್ಪದ ಗುರಾಣಿಯ ಹಿಂದೆ ಅಡಗಿವೆ, ಇದು ಅದರ ಅಂಚಿನಾಚೆ ಇಣುಕಿ ಸೂರ್ಯನನ್ನು ನೇರ ನೋಡುತ್ತದೆ. ಜಾಲರಿ ಟಂಗ್‌ಸ್ಟನ್, ತಂತಿ ನಿಯೋಬಿಯಂ, ತಂತಿಗೆ ಹೊದಿಕೆ ನೀಲಮಣಿಯ ಹರಳಿನ ಕೊಳವೆ. ಸಾಮಾನ್ಯ ವೈರು ಅಲ್ಲಿ ಕರಗಿ ಹೋಗುತ್ತೆ. 2021ರ ಏಪ್ರಿಲ್‌ನಲ್ಲಿ ಈ ನೌಕೆ ಮೊದಲ ಸಲ ಕರೋನಾದೊಳಗೇ ಹೊಕ್ಕಿತು. 2024ರ ಡಿಸೆಂಬರ್ 24ರಂದು ಸೂರ್ಯನಿಂದ ಬರೀ 61 ಲಕ್ಷ ಕಿಲೋಮೀಟರ್ ದೂರದಲ್ಲಿ ಹಾದುಹೋಯಿತು.

ಚಿತ್ರ ಇದ್ದರೆ ಸಾಲದಾ, ಕಣವನ್ನೂ ಯಾಕೆ ಹಿಡಿಯಬೇಕು ಅಂತ ಕೇಳಬಹುದು. ಸೂರ್ಯನಿಂದ ಅನಿಲದ ಮುದ್ದೆ ಹೊರಟದ್ದು, ಅದರ ವೇಗ, ಅದು ನಮ್ಮ ಕಡೆ ಬರುತ್ತಿದೆಯಾ ಅನ್ನುವುದು ಚಿತ್ರದಲ್ಲಿ ಮೊದಲೇ ತಿಳಿಯುತ್ತದೆ. ಅದು ಹೊತ್ತು ತರುವ ಕಾಂತಕ್ಷೇತ್ರ ಯಾವ ದಿಕ್ಕಿಗಿದೆ ಅನ್ನುವುದು ಮಾತ್ರ ತಿಳಿಯುವುದಿಲ್ಲ. ದಕ್ಷಿಣಕ್ಕೆ ತಿರುಗಿದ್ದರೆ ಭೂಮಿಯಲ್ಲಿ ದೊಡ್ಡ ಕಾಂತ ಬಿರುಗಾಳಿ, ಉತ್ತರಕ್ಕಿದ್ದರೆ ಪರಿಣಾಮ ತೀರಾ ಕಡಿಮೆ. ಅದು ಖಚಿತವಾಗುವುದು ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರ್ ದೂರದ ಎಲ್1 ಬಿಂದುವಿನಲ್ಲಿರುವ ನೌಕೆಗಳನ್ನು ಅದು ದಾಟುವಾಗಲೇ. ಆದಿತ್ಯ ಆರು ಮೀಟರ್ ಉದ್ದದ ತೋಳು ಚಾಚಿ ಕಾಂತಮಾಪಕ ಹಿಡಿದಿರುವುದು ಇದಕ್ಕಾಗಿ. ಅಲ್ಲಿಂದ ಇಲ್ಲಿಗೆ ಸಾಧಾರಣ ವೇಗದ ಮಾರುತಕ್ಕೆ ಒಂದು ಗಂಟೆಯ ದಾರಿ, ಜೋರು ಬಿರುಗಾಳಿಗೆ ಅದಕ್ಕಿಂತ ಕಡಿಮೆ.