ಅಲಬಾಮದ ಎರೆಭೂಮಿ, ಆಸ್ಪತ್ರೆ ಮತ್ತು ನಿಮ್ಮ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಅಮೆರಿಕದ ಬರ್ಮಿಂಗ್‌ಹ್ಯಾಮ್ ಊರಿನ ಅಲಬಾಮಾ ವಿಶ್ವವಿದ್ಯಾಲಯದ ಒಂದು ಸಂಶೋಧನಾ ಕೇಂದ್ರದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅಲ್ಪಸಂಖ್ಯಾತರ ಆರೋಗ್ಯ, ಮತ್ತೆ ಅವರಿಗೂ ಉಳಿದವರಿಗೂ ನಡುವೆ ಇರುವ ಆರೋಗ್ಯದ ಅಂತರ, ಇದೇ ಆ ಕೇಂದ್ರದ ಕೆಲಸ. ಬರೆದದ್ದು ನಾಲ್ಕು ಸಾಲು, ಬಂದ ಪತ್ರಗಳು ಒಂದು ಚೀಲ. ಪುಟದಲ್ಲಿ ಹಿಡಿಸುವಷ್ಟಕ್ಕೆ ಉತ್ತರ ಕೊಟ್ಟಿದ್ದೇನೆ.

ನನ್ನ ಮಗಳು ಪಬ್ಲಿಕ್ ಹೆಲ್ತ್ ಓದೋದಕ್ಕೆ ಅಮೆರಿಕಕ್ಕೆ ಹೋಗಿದ್ದಾಳೆ. ನೀವು ಬರೆದ ಥರದ್ದೇ ಒಂದು ಕೇಂದ್ರದಲ್ಲಿ ಕೆಲಸ ಅಂತೆ. ಬೀಗರ ಕಡೆಯವರು "ಅಲ್ಪಸಂಖ್ಯಾತರದು ಅಂದ್ರೆ ಅದು ಮುಸ್ಲಿಮರ ಆಸ್ಪತ್ರೆಯಾ" ಅಂತ ಕೇಳ್ತಾರೆ. ಏನು ಹೇಳಲಿ? – ಒಬ್ಬ ತಾಯಿ, ದಾವಣಗೆರೆ

ಆಸ್ಪತ್ರೆಯೂ ಅಲ್ಲ, ಒಂದು ಧರ್ಮದವರದ್ದೂ ಅಲ್ಲ ಅಂತ ಹೇಳಿಬಿಡಿ ಅಮ್ಮಾ. ನಮ್ಮಲ್ಲಿ ಅಲ್ಪಸಂಖ್ಯಾತರು ಅಂದ ಕೂಡಲೇ ಧರ್ಮ ನೆನಪಾಗುತ್ತದೆ, ಬೆಳಗಾವಿ ಕಡೆಯವರಿಗಾದರೆ ಭಾಷೆಯೂ ನೆನಪಾದೀತು. ಅಲ್ಲಿ ಆ ಮಾತಿಗೆ ಅರ್ಥ ಬೇರೆ. ಕಪ್ಪು ಜನ, ಸ್ಪ್ಯಾನಿಷ್ ಮಾತಾಡುವ ದೇಶಗಳಿಂದ ಬಂದವರು, ನಾವು ಶಾಲೆಯಲ್ಲಿ ರೆಡ್ ಇಂಡಿಯನ್ನರು ಅಂತ ಓದಿದ ಮೂಲನಿವಾಸಿಗಳು, ಏಷ್ಯಾದವರು. ನಿಮ್ಮ ಮಗಳೂ ಆ ಲೆಕ್ಕದಲ್ಲಿ ಅಲ್ಪಸಂಖ್ಯಾತಳೇ! ಇದನ್ನ ಬೀಗರಿಗೆ ಹೇಳುವುದೋ ಬಿಡುವುದೋ ನಿಮಗೆ ಬಿಟ್ಟದ್ದು.

ಬರ್ಮಿಂಗ್‌ಹ್ಯಾಮ್‌ನ ಕೇಂದ್ರ ಶುರುವಾದದ್ದು 2002ರಲ್ಲಿ. ಕಟ್ಟಿದವರು ಮೋನಾ ಫೌವಾದ್, ಈಜಿಪ್ಟ್‌ನಿಂದ ಹೋದ ವೈದ್ಯೆ. ಒಂದೇ ಊರು, ಒಂದೇ ಕಾಯಿಲೆ, ಆದರೂ ಒಬ್ಬರು ಯಾಕೆ ಬೇಗ ಸಾಯುತ್ತಾರೆ, ಅದನ್ನ ತಪ್ಪಿಸೋದು ಹೇಗೆ, ಇದೇ ಅವರ ಪ್ರಶ್ನೆ. ಪ್ರಶ್ನೆ ಹಳೆಯದು. 1985ರಲ್ಲಿ ಅಮೆರಿಕ ಸರ್ಕಾರದ ಆರೋಗ್ಯ ಕಾರ್ಯದರ್ಶಿ ಮಾರ್ಗರೆಟ್ ಹೆಕ್ಲರ್ ಒಂದು ವರದಿ ಹೊರತಂದರು. ಆರೋಗ್ಯದ ಈ ಅಂತರದಿಂದಾಗಿ ವರ್ಷಕ್ಕೆ ಸುಮಾರು 60,000 ಜನ ಸಾಯಬಾರದ ಹೊತ್ತಿನಲ್ಲಿ ಸಾಯುತ್ತಿದ್ದಾರೆ ಎಂದು ಅದರಲ್ಲಿತ್ತು. ವಿಶ್ವವಿದ್ಯಾಲಯಗಳಲ್ಲಿ ಇಂಥ ಕೇಂದ್ರಗಳು ಹುಟ್ಟಿಕೊಂಡದ್ದು ಆ ವರದಿ ಬಂದಮೇಲೆ.

ಇದರಲ್ಲಿ ಸಂಶೋಧನೆ ಮಾಡೋಕೆ ಏನಿದೆ? ಬಡವರಿಗೆ ಕಾಯಿಲೆ ಜಾಸ್ತಿ, ಅಷ್ಟೇ. ಬಣ್ಣ ಯಾಕೆ ನಡುವೆ ತರಬೇಕು? – ನಿವೃತ್ತ ಶಿಕ್ಷಕರು, ಗದಗ

ಮೇಷ್ಟ್ರೇ, ಅರ್ಧ ಸರಿ ಹೇಳಿದ್ದೀರಿ. ನೀವು ಗದಗಿನವರಾದ್ದರಿಂದ ಮಣ್ಣಿನಿಂದಲೇ ಶುರು ಮಾಡುತ್ತೇನೆ. ಅಲಬಾಮದ ನಡುವೆ ಅಡ್ಡಕ್ಕೆ ಒಂದು ಎರೆಭೂಮಿಯ ಪಟ್ಟಿ ಇದೆ, ಹೆಸರೇ ಬ್ಲ್ಯಾಕ್ ಬೆಲ್ಟ್. ಮೊದಲು ಆ ಹೆಸರು ಬಂದದ್ದು ಮಣ್ಣಿನ ಬಣ್ಣದಿಂದ. ನಿಮ್ಮ ಕಡೆಯ ಹಾಗೆ ಅಲ್ಲೂ ಹತ್ತಿ ಬೆಳೆಯಿತು. ಬಿಡಿಸಲು ಆಳು ಬೇಕಿತ್ತು, ಗುಲಾಮರನ್ನು ತಂದರು. ಗುಲಾಮಗಿರಿ ಹೋದಮೇಲೂ ಅವರ ಮಕ್ಕಳು ಮೊಮ್ಮಕ್ಕಳು ಅಲ್ಲೇ ಉಳಿದರು, ಹೆಚ್ಚಿನವರು ಗೇಣಿದಾರರಾಗಿ, ಸಾಲದಲ್ಲಿ. ಅಲಬಾಮದ ತೀರ ಬಡ ಜಿಲ್ಲೆಗಳು ಇವತ್ತಿಗೂ ಈ ಪಟ್ಟಿಯಲ್ಲೇ ಇವೆ. ಬಡವರಿಗೆ ಸರ್ಕಾರ ಕೊಡುವ ಮೆಡಿಕೇಡ್ ಎಂಬ ವಿಮೆಯನ್ನು ಇನ್ನಷ್ಟು ಜನಕ್ಕೆ ಕೊಡಿ ಅಂತ 2010ರ ಕಾನೂನು ಹೇಳಿತು. 2012ರಲ್ಲಿ ಸುಪ್ರೀಂ ಕೋರ್ಟು ಅದನ್ನು ರಾಜ್ಯಗಳ ಇಷ್ಟಕ್ಕೆ ಬಿಟ್ಟಿತು, ಅಲಬಾಮಾ ಬೇಡ ಅಂದಿತು. ಹಾಗಾಗಿ ನೀವು ಹೇಳಿದ ಬಡತನ ಇದೆ, ಖಂಡಿತ ಇದೆ. ಆದರೆ ಆ ಬಡತನ ಯಾರ ಮನೆಗೆ ಹೋಗಿ ಕೂತಿತು ಅನ್ನುವುದಕ್ಕೆ ಬಣ್ಣವೇ ಕಾರಣವಾಗಿತ್ತು, ಅಲ್ವಾ?

ಇನ್ನು ಉಳಿದರ್ಧ. ಬಡತನ ಒಂದೇ ಕಾರಣವಾಗಿದ್ದರೆ ಓದಿ ಕೆಲಸದಲ್ಲಿರುವ ಕಪ್ಪು ಹೆಂಗಸರಿಗೆ ಈ ತೊಂದರೆ ಇರಬಾರದಿತ್ತು. 2007ರಿಂದ 2016ರವರೆಗೆ ಬಸಿರು ಬಾಣಂತನದಲ್ಲಿ ಆದ ಸಾವುಗಳನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಲೆಕ್ಕ ಹಾಕಿತು. ಪದವಿ ಓದಿದ ಕಪ್ಪು ಹೆಂಗಸರಲ್ಲಿ ಸಾವಿನ ಪ್ರಮಾಣ ಅಷ್ಟೇ ಓದಿದ ಬಿಳಿ ಹೆಂಗಸರಿಗಿಂತ 5.2 ಪಟ್ಟು ಹೆಚ್ಚಿತ್ತು. ಅದೂ ಹೋಗಲಿ, ಹೈಸ್ಕೂಲೂ ಮುಗಿಸದ ಬಿಳಿ ಹೆಂಗಸರಿಗಿಂತಲೂ 1.6 ಪಟ್ಟು ಹೆಚ್ಚು. ಮೊದಲ ಸಲ ಓದಿದಾಗ ಅಂಕಿ ತಪ್ಪಿರಬೇಕು ಅಂದುಕೊಂಡು ಮತ್ತೆ ನೋಡಿದೆ. ತಪ್ಪಿಲ್ಲ. ನೋವು ಅಂದರೆ ಯಾರ ಮಾತನ್ನು ಡಾಕ್ಟರು ಕೂಡಲೇ ನಂಬುತ್ತಾರೆ, ಯಾರನ್ನು "ಸ್ವಲ್ಪ ತಡೆದುಕೋ" ಅಂತ ಕೂರಿಸುತ್ತಾರೆ, ಇದೆಲ್ಲ ಸಂಬಳದ ಚೀಟಿಯಲ್ಲಿ ಕಾಣುವುದಿಲ್ಲ ಮೇಷ್ಟ್ರೇ.

ಅದೇ ವಿಶ್ವವಿದ್ಯಾಲಯದ ಇನ್ನೊಂದು ತಂಡ 2003ರಿಂದ 2007ರೊಳಗೆ ದೇಶದ ತುಂಬ 45 ದಾಟಿದ 30,239 ಜನರನ್ನು ಸೇರಿಸಿಕೊಂಡು ಒಂದು ಅಧ್ಯಯನ ಶುರು ಮಾಡಿತು. ಮನೆಗೇ ಹೋಗಿ ಬಿಪಿ ನೋಡಿ, ರಕ್ತ ತೆಗೆದುಕೊಂಡು, ಆಮೇಲೆ ಆರು ತಿಂಗಳಿಗೊಮ್ಮೆ ಫೋನ್ ಮಾಡಿ ಹೇಗಿದ್ದೀರಿ ಅಂತ ವಿಚಾರಿಸುವುದು. ವಿಷಯ ಲಕ್ವ, ಅಂದರೆ ಸ್ಟ್ರೋಕ್. 2013ರಲ್ಲಿ ಅವರು ಬರೆದದ್ದು ಹೀಗಿದೆ: ಬಿಪಿಯ ಮೇಲಿನ ಅಂಕಿ 10 ಏರಿದರೆ ಬಿಳಿಯರಲ್ಲಿ ಸ್ಟ್ರೋಕ್ ಅಪಾಯ ಶೇ 8ರಷ್ಟು ಹೆಚ್ಚುತ್ತದೆ, ಕಪ್ಪು ಜನರಲ್ಲಿ ಶೇ 24ರಷ್ಟು. ಮತ್ತೆ 2018ರಲ್ಲಿ, ಕಪ್ಪು ಜನರಿಗೆ ಬಿಪಿ ಜಾಸ್ತಿ ಬರಲು ಎಲ್ಲಕ್ಕಿಂತ ದೊಡ್ಡ ಪಾಲು ಅಮೆರಿಕದ ದಕ್ಷಿಣ ರಾಜ್ಯಗಳ ಊಟದ್ದು ಎಂದರು. ಕರಿದ ಮಾಂಸ, ಸಕ್ಕರೆ ಸುರಿದ ಟೀ ಇಂಥವು. ಊಟದ ಮಾತು ಬಂದಾಗ ನಾವು ಅವರನ್ನು ನೋಡಿ ನಗುವ ಹಾಗಿಲ್ಲ, ನಮ್ಮ ಉಪ್ಪಿನಕಾಯಿ ಜಾಡಿ ನೆನಪಿರಲಿ.

ಇದು ಜೀನ್‌ಗಳ ವಿಷಯ ಅಲ್ವಾ ಸರ್? ನಮ್ಮ ಪಠ್ಯದಲ್ಲೇ ಕಪ್ಪು ರೋಗಿಗೆ ಬೇರೆ ಲೆಕ್ಕ ಇತ್ತು. – ವೈದ್ಯಕೀಯ ವಿದ್ಯಾರ್ಥಿ, ಬೆಂಗಳೂರು

ನೀವು ಹೇಳುತ್ತಿರುವುದು ಕಿಡ್ನಿಯ ಲೆಕ್ಕ. ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಸ ರಕ್ತದಲ್ಲಿ ಎಷ್ಟಿದೆ ನೋಡಿ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ಹೇಳುವ ಸೂತ್ರ. ರೋಗಿ ಕಪ್ಪು ಮನುಷ್ಯ ಅಂತಾದರೆ ಬಂದ ಅಂಕಿಯನ್ನು ಒಂದು ಸೂತ್ರದಲ್ಲಿ 1.212ರಿಂದ, ಇನ್ನೊಂದರಲ್ಲಿ 1.159ರಿಂದ ಗುಣಿಸುತ್ತಿದ್ದರು. ಕಿಡ್ನಿ ಹಾಳಾಗುತ್ತಿದ್ದರೂ ಕಾಗದದ ಮೇಲೆ ಚೆನ್ನಾಗಿ ಕಾಣುತ್ತಿತ್ತು. ಕಸಿಗೆ ಕಾಯುವವರ ಪಟ್ಟಿಗೆ ಅವನ ಹೆಸರು ತಡವಾಗಿ ಸೇರುತ್ತಿತ್ತು. 2021ರಲ್ಲಿ ಆ ಗುಣಾಕಾರವನ್ನು ಕೈಬಿಟ್ಟರು. ಜೀನ್‌ಗಳ ಪಾತ್ರ ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ, ವಂಶದಿಂದ ಬರುವ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಥರದವು ಇವೆ. ಆದರೆ ಡಾಕ್ಟರು ಸುಮ್ನೆ ಚರ್ಮ ನೋಡಿ ಜೀನ್ ಊಹಿಸುವುದು ವಿಜ್ಞಾನ ಅಲ್ಲ.

ಇನ್ನೊಂದು ಹೇಳುತ್ತೇನೆ, ಇದು ನಮಗೂ ತಟ್ಟುವಂಥದ್ದು. ಕೋವಿಡ್ ಕಾಲದಲ್ಲಿ ಎಲ್ಲರ ಮನೆಯಲ್ಲೂ ಬೆರಳಿಗೆ ಕಚ್ಚಿಸುವ ಆಕ್ಸಿಮೀಟರ್ ಇತ್ತಲ್ಲ, ಅದು ಚರ್ಮದ ಮೂಲಕ ಬೆಳಕು ಹಾಯಿಸಿ ರಕ್ತದ ಆಮ್ಲಜನಕ ಅಳೆಯುವ ಯಂತ್ರ. 2020ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ಪರೀಕ್ಷೆ ಮಾಡಿದರು. ಯಂತ್ರ 92ರಿಂದ 96 ತೋರಿಸುತ್ತಿದ್ದಾಗ ರಕ್ತನಾಳದಿಂದಲೇ ರಕ್ತ ತೆಗೆದು ನೋಡಿದರೆ, ಆಮ್ಲಜನಕ ನಿಜಕ್ಕೂ 88ಕ್ಕಿಂತ ಕೆಳಗಿದ್ದದ್ದು ಬಿಳಿ ರೋಗಿಗಳಲ್ಲಿ ಶೇ 3.6ರಷ್ಟು ಸಲ, ಕಪ್ಪು ರೋಗಿಗಳಲ್ಲಿ ಶೇ 11.7ರಷ್ಟು ಸಲ. ಯಂತ್ರಕ್ಕೆ ದ್ವೇಷ ಇಲ್ಲ. ತಯಾರು ಮಾಡುವಾಗ ಯಾರ ಬೆರಳಿಗೆ ಹಾಕಿ ನೋಡಿದರು ಅನ್ನುವುದು ಪ್ರಶ್ನೆ. ನಮ್ಮ ಬೆರಳುಗಳೂ ಬಿಳಿ ಏನಲ್ಲ.

ಉಚಿತ ತಪಾಸಣೆ ಅಂದರೂ ಅಲ್ಲಿನ ಕಪ್ಪು ಜನ ಸಂಶೋಧನೆ ಅಂದ್ರೆ ಹಿಂಜರಿತಾರೆ ಅಂತ ಬರೆದಿದ್ದಿರಿ. ಉಚಿತ ಅಂದರೆ ನಮ್ಮಲ್ಲಿ ಸಾಲು ನಿಲ್ತಾರೆ. ಅವರಿಗೇನು ಕಷ್ಟ? – ಓದುಗರು, ಮೈಸೂರು

ಆ "ಉಚಿತ" ಎಂಬ ಮಾತೇ ಕಷ್ಟ. ಮೇಲೆ ಹೇಳಿದ ಎರೆಭೂಮಿಯಲ್ಲೇ ಟಸ್ಕೀಗಿ ಅಂತ ಒಂದು ಊರಿದೆ. 1932ರಲ್ಲಿ ಅಮೆರಿಕ ಸರ್ಕಾರದ ಆರೋಗ್ಯ ಇಲಾಖೆ ಅಲ್ಲಿ ಸುಮಾರು 600 ಕಪ್ಪು ಗಂಡಸರನ್ನು ಸೇರಿಸಿಕೊಂಡಿತು. ಅವರಲ್ಲಿ 399 ಮಂದಿಗೆ ಸಿಫಿಲಿಸ್ ಎಂಬ ಲೈಂಗಿಕ ರೋಗ ಇತ್ತು. ಕಾಯಿಲೆಯ ಹೆಸರು ಹೇಳಲಿಲ್ಲ, "ನಿಮಗೆ ರಕ್ತ ಕೆಟ್ಟಿದೆ, ಉಚಿತವಾಗಿ ನೋಡುತ್ತೇವೆ" ಅಂದರು. ಬೆನ್ನುಹುರಿಗೆ ಸೂಜಿ ಹಾಕಿ ನೀರು ತೆಗೆಯುವುದನ್ನೂ ವಿಶೇಷ ಉಚಿತ ಚಿಕಿತ್ಸೆ ಅಂತ ಕರೆದರು. ಊಟ ಉಚಿತ. ಸತ್ತರೆ ಮಣ್ಣು ಮಾಡುವ ಖರ್ಚೂ ಅವರದ್ದೇ, ಹೆಣ ಕೊಯ್ದು ನೋಡಲು ಒಪ್ಪಿದರೆ. ನಿಜವಾಗಿ ಅವರಿಗೆ ಬೇಕಿದ್ದದ್ದು ಔಷಧಿ ಇಲ್ಲದೆ ಸಿಫಿಲಿಸ್ ಮನುಷ್ಯನನ್ನು ಹೇಗೆ ತಿನ್ನುತ್ತದೆ ಅಂತ ನೋಡುವುದು. 1940ರ ದಶಕದಲ್ಲಿ ಅದನ್ನು ವಾಸಿಮಾಡುವ ಪೆನಿಸಿಲಿನ್ ಬಂತು, ಅದನ್ನೂ ಕೊಡಲಿಲ್ಲ. 40 ವರ್ಷ! ಇಲಾಖೆಯಲ್ಲೇ ಕೆಲಸ ಮಾಡಿದ್ದ ಪೀಟರ್ ಬಕ್ಸ್‌ಟನ್ ಎಂಬುವರು ಪತ್ರಕರ್ತರಿಗೆ ವಿಷಯ ಮುಟ್ಟಿಸಿ, 1972ರಲ್ಲಿ ಪತ್ರಿಕೆಗಳಲ್ಲಿ ಬಂದಮೇಲೆ ನಿಂತಿತು. ಅಧ್ಯಕ್ಷ ಕ್ಲಿಂಟನ್ ಕ್ಷಮೆ ಕೇಳಿದ್ದು 1997ರಲ್ಲಿ, ಅಷ್ಟು ಹೊತ್ತಿಗೆ ಬದುಕಿದ್ದವರು ಬೆರಳೆಣಿಕೆಯಷ್ಟು.

ಇಷ್ಟಾದ ಮೇಲೆ ಅದೇ ರಾಜ್ಯದಲ್ಲಿ ಬಿಳಿ ಕೋಟು ಹಾಕಿಕೊಂಡು ಬಂದವರು "ಸಂಶೋಧನೆಗೆ ಸ್ವಲ್ಪ ರಕ್ತ ಕೊಡಿ, ಎಲ್ಲಾ ಉಚಿತ" ಅಂದರೆ ನೀವಾದರೂ ತೋಳು ಮಡಿಸುತ್ತಿದ್ದಿರಾ? ಬರ್ಮಿಂಗ್‌ಹ್ಯಾಮ್‌ನ ಕೇಂದ್ರದ ಅರ್ಧ ಕೆಲಸ ಈ ಬಾಕಿ ತೀರಿಸುವುದೇ ಅಂತ ನನಗೆ ಅನಿಸುತ್ತದೆ. ತಂಡದಲ್ಲಿ ಎಷ್ಟೇ ದೊಡ್ಡ ವಿಜ್ಞಾನಿ ಇರಲಿ, ಬಾಗಿಲು ತೆರೆಯದಿದ್ದರೆ ಏನು ಮಾಡುತ್ತಾನೆ?

ನಾನು ಆಶಾ ಕಾರ್ಯಕರ್ತೆ. ಅಲ್ಲೂ ನಮ್ಮಂಥವರು ಇದ್ದಾರಾ? ಅವರಿಗಾದ್ರೂ ಸರಿಯಾಗಿ ದುಡ್ಡು ಕೊಡ್ತಾರಾ? – ಬಳ್ಳಾರಿ ಜಿಲ್ಲೆಯಿಂದ

ಇದ್ದಾರೆ ಅಕ್ಕಾ. ಆ ಬಾಗಿಲು ತೆರೆಸಿದವರು ಅವರೇ. ಫೌವಾದ್ ಅವರ ತಂಡ ಅಲಬಾಮಾ, ಮಿಸಿಸಿಪಿಯ ಹಳ್ಳಿಗಳಲ್ಲಿ ಸ್ತನ ಕ್ಯಾನ್ಸರ್ ತಪಾಸಣೆಗೆ ಜನರನ್ನು ಕರೆತರಬೇಕಿತ್ತು. ಹೊರಗಿನಿಂದ ನರ್ಸುಗಳನ್ನು ಕಳಿಸುವ ಬದಲು, ಕಷ್ಟ ಬಂದಾಗ ನೆರೆಹೊರೆಯವರು ತಾವಾಗಿಯೇ ಹೋಗುವಂಥ ಹೆಂಗಸರನ್ನು ಹುಡುಕಿದರು. ಚರ್ಚಿನಲ್ಲಿ ಹಾಡುವವರು, ಪಕ್ಕದ ಮನೆಯ ಅಜ್ಜಿ, ಅಂಥವರು. ಅವರಿಗೆ ತರಬೇತಿ ಕೊಟ್ಟರು. ಗೊತ್ತಿರುವ ಹೆಂಗಸು ಜೊತೆಗೆ ಬಂದು "ನಡಿ, ನಾನೂ ಬರ್ತೀನಿ" ಅಂದರೆ ಹೋಗದವರು ಕಡಿಮೆ. ಮ್ಯಾಮೊಗ್ರಾಮ್, ಅಂದರೆ ಸ್ತನದ ಎಕ್ಸ್‌ರೇ, ಮಾಡಿಸಿಕೊಳ್ಳುವುದರಲ್ಲಿ ಕಪ್ಪು–ಬಿಳಿ ಹೆಂಗಸರ ನಡುವೆ ಇದ್ದ ಅಂತರ ಆ ಜಿಲ್ಲೆಗಳಲ್ಲಿ ಇಳಿಯಿತು. ಇದನ್ನ ನಿಮಗೆ ವಿವರಿಸುವ ಅಗತ್ಯವೇ ಇಲ್ಲ, ಹೆರಿಗೆಗೆ ರಾತ್ರಿ ಆಂಬುಲೆನ್ಸಿನಲ್ಲಿ ಜೊತೆಗೆ ಕೂತು ಹೋಗುವವರು ನೀವು.

ದುಡ್ಡಿನ ಮಾತು ಕೇಳಿದ್ದೀರಿ. ಆ ಹೆಂಗಸರು ಸ್ವಯಂಸೇವಕರು. ನಿಮಗೆ ಗೌರವಧನ, ಅವರಿಗೆ ಧನ್ಯವಾದ. ಸಮುದಾಯದ ನಂಬಿಕೆ ಅಮೂಲ್ಯ ಅಂತ ಎಲ್ಲ ವರದಿಗಳಲ್ಲೂ ಬರೆಯುತ್ತಾರೆ, ಅಮೂಲ್ಯ ಅಂದಮೇಲೆ ಬೆಲೆ ಕಟ್ಟಬೇಕಿಲ್ಲವಲ್ಲ!

ನಾನಿರೋದು ನ್ಯೂಜೆರ್ಸಿಯಲ್ಲಿ. ವಯಸ್ಸು 41, ಬಿಎಂಐ 24, ತೂಕ ಸರಿಯಾಗಿದೆ ಅಂತ ಚಾರ್ಟ್ ಹೇಳುತ್ತೆ. ಅಪ್ಪನಿಗೆ ಶುಗರ್ ಇತ್ತು. ಈ ಕೇಂದ್ರಗಳು ನಮ್ಮಂಥ ಕನ್ನಡಿಗರ ಬಗ್ಗೆ ಏನಾದ್ರೂ ನೋಡ್ತವಾ?

ಕನ್ನಡಿಗರು ಅಂತ ಬೇರೆಯಾಗಿ ಅಲ್ಲ, ದಕ್ಷಿಣ ಏಷ್ಯಾದವರು ಅಂತ ನೋಡಿದ್ದಾರೆ. ಅದಕ್ಕೂ ತಡವಾಯಿತು. ಲೆಕ್ಕದ ಹಾಳೆಯಲ್ಲಿ "ಏಷ್ಯನ್" ಅಂತ ಒಂದೇ ಡಬ್ಬ, ಅದರೊಳಗೆ ಚೀನಾದವರೂ ನಾವೂ ಒಟ್ಟಿಗೆ, ಸರಾಸರಿ ತೆಗೆದರೆ ಎಲ್ಲರೂ ಆರೋಗ್ಯವಂತರು. 2010ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಶಿಕಾಗೊ ಕಡೆಯ ಎರಡು ವಿಶ್ವವಿದ್ಯಾಲಯಗಳು ಸೇರಿ ದಕ್ಷಿಣ ಏಷ್ಯಾದ 906 ಜನರನ್ನು ಇಟ್ಟುಕೊಂಡು ಅಧ್ಯಯನ ಶುರು ಮಾಡಿದವು. ಹೆಸರು ಮಸಾಲಾ. ನಗಬೇಡಿ, ಇಂಗ್ಲಿಷ್ ಪದಗಳ ಮೊದಲಕ್ಷರ ಕೂಡಿಸಿ ಇಟ್ಟ ಹೆಸರು. ಡಬ್ಬ ಒಡೆದು ನೋಡಿದರೆ ಸಕ್ಕರೆ ಕಾಯಿಲೆ ಬಿಳಿಯರಲ್ಲಿ ಶೇ 6, ಚೀನಾ ಮೂಲದವರಲ್ಲಿ ಶೇ 13, ಕಪ್ಪು ಜನರಲ್ಲಿ ಶೇ 18, ನಮ್ಮವರಲ್ಲಿ ಶೇ 23.

ನಿಮ್ಮ ವಿಷಯಕ್ಕೆ ಬರೋಣ. ಅಮೆರಿಕದ ಮಧುಮೇಹ ಸಂಘ 2015ರಿಂದ ಏಷ್ಯಾ ಮೂಲದವರಿಗೆ ಬಿಎಂಐ 23 ಇದ್ದರೇ ಶುಗರ್ ಪರೀಕ್ಷೆಯ ಬಗ್ಗೆ ಯೋಚಿಸಿ ಎನ್ನುತ್ತದೆ. ನಿಮ್ಮದು 24, ಜೊತೆಗೆ ಅಪ್ಪನಿಗಿತ್ತು. ಚಾರ್ಟ್ ಪಕ್ಕಕ್ಕಿಟ್ಟು ಈ ವಾರವೇ ಡಾಕ್ಟರ ಹತ್ತಿರ ಹೋಗಿ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಶುಗರ್‌ನ ಸರಾಸರಿ ಹೇಳುವ ರಕ್ತಪರೀಕ್ಷೆ) ಮಾಡಿಸಿ ಅಂತ ನೀವೇ ಬಾಯಿಬಿಟ್ಟು ಕೇಳಿ. ಅವರು ತೂಕ ಸರಿ ಇದೆಯಲ್ಲ ಅಂದರೆ ಈ 23ರ ಮಾತು ಹೇಳಿ.

ಈ ಕೇಂದ್ರಗಳಿಗೆ ದುಡ್ಡು ನಿಲ್ಲಿಸಿದರಂತೆ, ಹೌದಾ? – ಓದುಗರು, ಉಡುಪಿ

2025ರಲ್ಲಿ ಈ ವಿಷಯದ ಅನೇಕ ಸಂಶೋಧನೆಗಳ ಅನುದಾನವನ್ನು ಅಮೆರಿಕ ಸರ್ಕಾರ ನಡುವೆಯೇ ರದ್ದು ಮಾಡಿತು. ಇಂಥ ಕೇಂದ್ರಗಳಿಗೆ ಹಣ ಕೊಡುವ ರಾಷ್ಟ್ರೀಯ ಸಂಸ್ಥೆಯನ್ನೇ ಮುಚ್ಚಬೇಕೆಂಬ ಮಾತು 2026ರ ಬಜೆಟ್ ಪ್ರಸ್ತಾವದಲ್ಲಿ ಇತ್ತು. ಅಳೆಯುವುದನ್ನು ಬಿಟ್ಟರೆ ಅಂತರ ಹೋಗುವುದಿಲ್ಲ, ಕಾಣುವುದಿಲ್ಲ ಅಷ್ಟೇ.

ನನ್ನದು ಕಟಿಂಗ್ ಶಾಪ್. ಅಮೆರಿಕದಲ್ಲಿ ಕಟಿಂಗ್ ಶಾಪ್‌ನಲ್ಲೇ ಬಿಪಿ ಇಳಿಸ್ತಾರೆ ಅಂತ ಮಗ ಮೊಬೈಲಲ್ಲಿ ತೋರಿಸಿದ. ನಿಜಾನಾ, ಇಲ್ಲ ಗಾಳಿ ಸುದ್ದಿನಾ? – ಶಿವಮೊಗ್ಗ

ನಿಜ ಸ್ವಾಮಿ. ಇದು ಅಲಬಾಮದ್ದಲ್ಲ, ಲಾಸ್ ಏಂಜಲೀಸ್‌ನದು. ರೊನಾಲ್ಡ್ ವಿಕ್ಟರ್ ಎಂಬ ವೈದ್ಯರು 52 ಅಂಗಡಿಗಳಲ್ಲಿ, ಬಿಪಿ ಇದ್ದ 319 ಕಪ್ಪು ಗಂಡಸರ ಮೇಲೆ ಮಾಡಿದ ಪ್ರಯೋಗ, 2018ರಲ್ಲಿ ಪ್ರಕಟವಾಯಿತು. ಕೆಲವು ಅಂಗಡಿಗಳಲ್ಲಿ ಕ್ಷೌರ ಮಾಡುವವರು "ಉಪ್ಪು ಕಡಿಮೆ ಮಾಡು, ಡಾಕ್ಟರ ಹತ್ತಿರ ಹೋಗು" ಅಂತ ಹೇಳಿದರು. ಉಳಿದ ಕಡೆ ಔಷಧಿ ತಜ್ಞರೇ ಅಂಗಡಿಗೆ ಬಂದು, ಗಿರಾಕಿಯ ಡಾಕ್ಟರ ಒಪ್ಪಿಗೆ ಪಡೆದು ಮಾತ್ರೆ ಬರೆದುಕೊಟ್ಟರು. ಆರು ತಿಂಗಳಿಗೆ ಬುದ್ಧಿಮಾತಿನ ಅಂಗಡಿಗಳಲ್ಲಿ ಮೇಲಿನ ಅಂಕಿ 9ರಷ್ಟು ಇಳಿಯಿತು, ಮಾತ್ರೆ ಕೊಟ್ಟ ಕಡೆ 27ರಷ್ಟು.

ಹಾಗಾಗಿ ನಿಮ್ಮ ಅಂಗಡಿಯಲ್ಲಿ ಬಿಪಿ ಯಂತ್ರ ಇಟ್ಟುಕೊಳ್ಳುವ ಯೋಚನೆ ಇದ್ದರೆ ಮೊದಲು ಹತ್ತಿರದ ಆರೋಗ್ಯ ಕೇಂದ್ರದ ಡಾಕ್ಟರನ್ನು ಮಾತಾಡಿಸಿ. ಮಾತ್ರೆ ಕೊಡುವವರು ಜೊತೆಗಿದ್ದರೇ ಅದಕ್ಕೆ ಬೆಲೆ. ಇನ್ನೊಂದು ವಿಷಯ. ಗಿರಾಕಿ ಬಂದು ಐದು ನಿಮಿಷ ಸುಮ್ಮನೆ ಕೂತ ಮೇಲೆ ಬಿಪಿ ನೋಡಬೇಕು, ನಿಮ್ಮ ಅಂಗಡಿಯಲ್ಲಿ ರಾಜಕೀಯ ಮಾತಾಡಿ ಮುಗಿಸಿದ ಕೂಡಲೇ ಅಲ್ಲ.