ಪ್ರತಿಕ್ರಿಯೆ: ಜೀನ್ಸ್ ಹೊಲಿಗೆಯ ಹಣಕ್ಕೆ ಕೊಟ್ಟ ಚೆಕ್ ಬೌನ್ಸ್, ಕೇಸಿಗೆ ಮುಂಬೈಗೆ ಹೋಗಬೇಕಾ?

ಮುಂಬೈನವರು ಕೊಟ್ಟ ಚೆಕ್ ಬೌನ್ಸ್ ಆಗಿದೆ, ಕೇಸು ಎಲ್ಲಿ ಹಾಕೋದು ಅಂತ ಕೇಳಿದ್ದೀರಿ. ಮುಂಬೈ ಕೋರ್ಟಿಗೇ ಹೋಗಬೇಕು ಅಂದವರು, ಚೆಕ್ ಕೊಟ್ಟವರ ಬ್ಯಾಂಕ್ ಶಾಖೆ ಇರುವ ಕಡೆಯೇ ಕೇಸು ಅಂದಿದ್ದ 2014ರ ಸುಪ್ರೀಂ ಕೋರ್ಟ್ ತೀರ್ಪು ನೆನಪಿಟ್ಟುಕೊಂಡು ಹೇಳಿರಬೇಕು. 2015ರಲ್ಲಿ ಚೆಕ್ ಬೌನ್ಸ್ ಕಾಯ್ದೆಗೆ (ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್) ತಿದ್ದುಪಡಿ ಬಂದ ಮೇಲೆ ಅದು ಬದಲಾಗಿದೆ. ಚೆಕ್ಕನ್ನು ನಿಮ್ಮ ಬಳ್ಳಾರಿ ಶಾಖೆಯ ಖಾತೆಗೆ ಹಾಕಿದ್ದರೆ ಕೇಸು ಬಳ್ಳಾರಿಯಲ್ಲೇ. ನಮ್ಮ ಯೂನಿಟ್ಟಿನ ಕೇಸೂ ಇಲ್ಲೇ ನಡೆಯಿತು.

ಈಗ ದಿನ ಎಣಿಸಿ, ಇದೇ ಮುಖ್ಯ. ಚೆಕ್ ವಾಪಸ್ ಆಯಿತು ಅನ್ನುವ ಬ್ಯಾಂಕಿನ ಮೆಮೊ ಬಂದು 12 ದಿನ ಆಗಿದೆ ಅಂದಿರಿ. ಮೆಮೊ ಬಂದ 30 ದಿನದೊಳಗೆ ಚೆಕ್ ಕೊಟ್ಟವರಿಗೆ ಲಿಖಿತ ನೋಟಿಸ್ ಹೋಗಲೇಬೇಕು. ಸ್ಪೀಡ್ ಪೋಸ್ಟ್ ರಸೀದಿ ಜೋಪಾನ. ನೋಟಿಸಿನಲ್ಲಿ ಚೆಕ್ಕಿನ ಮೊತ್ತವನ್ನೇ ಸ್ಪಷ್ಟವಾಗಿ ಕೇಳಿ. ಹಳೇ ಬಾಕಿ, ಬಡ್ಡಿ ಎಲ್ಲ ಒಂದೇ ಮೊತ್ತ ಮಾಡಿ ಬರೆದರೆ ನೋಟಿಸೇ ಬಿದ್ದುಹೋಗಬಹುದು. ಅವರಿಗೆ ತಲುಪಿದ ಮೇಲೆ 15 ದಿನ ಕಾಯಿರಿ. ಆಗಲೂ ಹಣ ಬರದಿದ್ದರೆ ಮುಂದಿನ ಒಂದು ತಿಂಗಳಲ್ಲಿ ಅದೇ ಕಾಯ್ದೆಯ 138ನೇ ಸೆಕ್ಷನ್ ಅಡಿ ದೂರು ಹಾಕಿ. ಫೋನಿನಲ್ಲಿ "ನಾಳೆ ಹಾಕ್ತೀನಿ" ಅಂದರೆ ನಂಬಿ ಸುಮ್ನೆ ಕೂರಬೇಡಿ, ದಯವಿಟ್ಟು.

ಚೆಕ್ಕಿನ ಮೇಲೆ ಯಾವ ತಾರೀಖು ಇದೆ ಅಂತ ನಿಮ್ಮ ಪ್ರಶ್ನೆಯಲ್ಲಿ ಹೇಳಿಲ್ಲ. ಆ ತಾರೀಖಿನಿಂದ ಮೂರು ತಿಂಗಳು ದಾಟಿಲ್ಲವಾದರೆ ಮತ್ತೆ ಬ್ಯಾಂಕಿಗೆ ಹಾಕಬಹುದು, ಮತ್ತೆ ಬೌನ್ಸ್ ಆದರೆ ಹೊಸದಾಗಿ 30 ದಿನ ಸಿಗುತ್ತದೆ.

ಡೆಲಿವರಿ ಚಲನ್, ಬಿಲ್, ವಾಟ್ಸಾಪ್ ಮಾತುಕತೆ ಇವತ್ತೇ ಒಂದು ಕಡೆ ಇಡಿ.